ಬೀಗದಕೈ ಕೊಡುವ ಮೊದಲು

ಮಗಳೇ,

ಕೋಟೇಶ್ವರದ ಮನೆಯನ್ನು ಬಾಡಿಗೆಗೆ ಕೊಡುವುದೋ ಬೀಗ ಹಾಕಿ ಇಡುವುದೋ ಎಂದು ಕೇಳಿದ್ದಿ. ಕೊಡು. ನಮ್ಮೂರ ಮಳೆಗೆ ಬೀಗ ಹಾಕಿದ ಮನೆ ಉಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆ ಉರಿಯದ, ಕಿಟಕಿ ತೆರೆಯದ ಮನೆಯ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಒಂದು ಹಂಚು ಜಾರಿದರೆ ಯಾರಿಗೂ ಗೊತ್ತಾಗದೆ ಪಕ್ಕಾಸು ಕುಂಬಾಗುತ್ತದೆ. ಗಂಗೊಳ್ಳಿ, ತ್ರಾಸಿ, ಮರವಂತೆಯ ಕಡಲ ಬದಿಯಾದರೆ ಉಪ್ಪುಗಾಳಿ ಕಿಟಕಿಯ ಸರಳನ್ನೂ ತಿನ್ನುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಹೋಗಿ ನೋಡು. ಮುಂಬೈ, ಬೆಂಗಳೂರು, ದುಬೈಯ ದುಡಿಮೆಯಲ್ಲಿ ಕಟ್ಟಿದ ಎಂಥೆಂಥ ಮನೆಗಳು! ಗೇಟಿಗೆ ಬೀಗ, ಅಂಗಳದ ತುಂಬ ಪಾಚಿ.

ಕೊಡದೆ ಇರುವುದಕ್ಕೆ ಹೆದರಿಕೆಯೇ ಕಾರಣ. ಅದು ಸುಮ್ಮನೆ ಹುಟ್ಟಿದ್ದಲ್ಲ. ‘ಒಕ್ಕಲು ಕೂತರೆ ಏಳುವುದಿಲ್ಲ’ ಎಂದು ನಿನ್ನಮ್ಮ ಕೊನೆಯವರೆಗೂ ಹೇಳುತ್ತಿದ್ದಳು. 1974ರ ಮಾರ್ಚ್ 1ರಂದು ಗೇಣಿ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟ ಒಕ್ಕಲುಗಳಿಗೆ ಭೂನ್ಯಾಯಮಂಡಳಿ ಹಕ್ಕು ಕೊಟ್ಟಿತು. ದೇವರಾಜ ಅರಸರ ಆ ಕಾನೂನು ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಜಾರಿಯಾದಷ್ಟು ಗಟ್ಟಿಯಾಗಿ ರಾಜ್ಯದ ಬಹಳಷ್ಟು ಕಡೆ ಆಗಲಿಲ್ಲ. ಎಷ್ಟೋ ಮನೆಗಳಲ್ಲಿ ಮೊದಲ ಸಲ ಸ್ವಂತ ಗದ್ದೆಯ ಅಕ್ಕಿ ಬೆಂದಿತು, ಎಷ್ಟೋ ಮನೆಗಳ ಕಣಜ ಬರಿದಾಯಿತು. ನಮ್ಮದು ಎರಡನೆಯ ಪೈಕಿ. ಹಾಗೆಂದು ಆ ಕಾನೂನು ತಪ್ಪು ಎನ್ನುವವನು ನಾನಲ್ಲ. ಆದರೆ ಅದು ಉಳುವ ಭೂಮಿಯ ಕಾನೂನು. ಹೆಚ್ಚೆಂದರೆ, ಕೃಷಿ ಕಾರ್ಮಿಕರು ಧಣಿಯ ಜಾಗದಲ್ಲಿ ಕಟ್ಟಿಕೊಂಡ ಬಿಡಾರಕ್ಕೆ ಅದರ 38ನೇ ಕಲಮು ರಕ್ಷಣೆ ಕೊಟ್ಟಿತು. ತಿಂಗಳ ಬಾಡಿಗೆಯ ಮನೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಮಾತು ಬಸ್ ಸ್ಟ್ಯಾಂಡಿನಲ್ಲಿ, ಮದುವೆಮನೆಯಲ್ಲಿ ಕಿವಿಗೆ ಬೀಳುತ್ತದೆ: ಹನ್ನೆರಡು ವರ್ಷ ಕೂತರೆ ಮನೆ ಅವರದ್ದೇ. ನಿನ್ನ ಒಪ್ಪಿಗೆಯಿಂದ, ಬಾಡಿಗೆ ಕೊಟ್ಟು ಕೂತವನಿಗೆ ಅದು ಅನ್ವಯಿಸುವುದಿಲ್ಲ. ಬಾಡಿಗೆಗೆ ಬಂದವನು ಆ ಬಾಡಿಗೆ ನಡೆಯುತ್ತಿರುವಾಗ ‘ನೀವು ಒಡೆಯರೇ ಅಲ್ಲ’ ಎಂದು ಕೋರ್ಟಿನಲ್ಲಿ ಹೇಳಲಿಕ್ಕೂ ಆಗದು. ಅದಕ್ಕೆ, ಬಾಡಿಗೆಗೆ ಬಂದವನು ಎನ್ನುವುದಕ್ಕೆ ಕಾಗದ ಇರಬೇಕು. ತೋಟ ನೋಡಿಕೊಳ್ಳಲಿ ಎಂದು ಬಾಡಿಗೆಯೂ ಇಲ್ಲದೆ, ಸಂಬಳವೂ ಇಲ್ಲದೆ, ಕಾಗದವೂ ಇಲ್ಲದೆ ಹಿಂದಿನ ಕೊಟ್ಟಿಗೆಮನೆಯಲ್ಲಿ ಯಾರನ್ನಾದರೂ ಕೂರಿಸುತ್ತಾರಲ್ಲ, ನಿಜವಾದ ತಾಪತ್ರಯ ಇರುವುದು ಅಲ್ಲಿ.

ನನಗೆ ಕಂಡ ಮಟ್ಟಿಗೆ ನಮ್ಮ ಕಡೆಯ ಮನೆ ಒಡೆಯರು ಕೆಡುವುದು ಬಾಡಿಗೆದಾರನ ಕೆಟ್ಟತನದಿಂದಲ್ಲ, ತಮ್ಮ ದಾಕ್ಷಿಣ್ಯದಿಂದ. ಬಂದವನು ಗುರ್ತದವರ ಗುರ್ತದವ. ‘ನಮ್ ಬದಿಯವ್ರೇ ಅಲ್ದಾ, ಕಾಗ್ದ ಎಂತಕ್ಕೆ’ ಎಂದು ಶುರುವಾಗುತ್ತದೆ. ಎರಡು ತಿಂಗಳು ಸರಿಯಾಗಿ ಬರುತ್ತದೆ. ಮೂರನೆಯದಕ್ಕೆ ‘ಈ ತಿಂಗ್ಳ್ ಸ್ವಲ್ಪ ಹೆಚ್ಚುಕಮ್ಮಿ ಆಯ್ತ್ ಕಾಣಿ, ಬಪ್ಪು ತಿಂಗ್ಳ್ ಒಟ್ಟಿಗೆ ಕೊಡ್ತೆ.’ ಕೇಳಲು ನಮಗೆ ನಾಚಿಕೆ, ಕೊಡದಿರಲು ಅವನಿಗಿಲ್ಲ. ಬಾಕಿ ಬೆಳೆದು ಅಡ್ವಾನ್ಸನ್ನು ನುಂಗಿದ ಮೇಲೆ ನಾವು ಕೂಗಾಡುತ್ತೇವೆ. ಐದನೇ ತಾರೀಕಿಗೆ ಬರಬೇಕಾದದ್ದು ಆರಕ್ಕೆ ಬಾರದಿದ್ದರೆ ಏಳಕ್ಕೆ ನಗುನಗುತ್ತಲೇ ಫೋನು ಮಾಡು. ಗುರ್ತದವರಿಗೆ ಕೊಡುವಾಗಂತೂ ಕಾಗದ ಇನ್ನೂ ಗಟ್ಟಿ ಇರಲಿ, ಏಕೆಂದರೆ ಅಪರಿಚಿತನೊಡನೆ ಜಗಳವಾದರೆ ಮನೆ ಮಾತ್ರ, ಗುರ್ತದವನೊಡನೆ ಆದರೆ ನೆಂಟಸ್ತಿಕೆಯೂ ಹೋಗುತ್ತದೆ.

ಕರಾರು ಪತ್ರ ಹನ್ನೊಂದು ತಿಂಗಳಿಗೇ ಏಕೆ ಎಂದು ಕೇಳಿದ್ದಿ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಈ ಹನ್ನೊಂದು. ಮುಗಿದ ಮೇಲೆ ಹೊಸತು ಮಾಡಿಸುವುದನ್ನು ಮರೆಯುವವರೇ ಜಾಸ್ತಿ. ಅಂಗಡಿ ಕೋಣೆಯನ್ನು ಐದು-ಹತ್ತು ವರ್ಷಕ್ಕೆ ಕೊಡುವುದಾದರೆ ಖರ್ಚಿಗೆ ಹಿಂದೆಮುಂದೆ ನೋಡದೆ ನೋಂದಣಿ ಮಾಡಿಸು. ಒಳಬಾಡಿಗೆಗೆ ಕೊಡಬಾರದು ಎಂದೂ ಬರೆಸು.

ಟೈಪ್ ಮಾಡುವವನ ಬಳಿ ಬೆಂಗಳೂರಿನ ನಮೂನೆ ಒಂದಿರುತ್ತದೆ, ಹೆಸರು ತುಂಬಿಸಿ ಕೊಡುತ್ತಾನೆ. ಅದರಲ್ಲಿ ನಮ್ಮ ಊರಿನ ಜಗಳಗಳು ಇರುವುದಿಲ್ಲ. ನಮ್ಮಲ್ಲಿ ಬಾಡಿಗೆಗಿಂತ ಹೆಚ್ಚು ಮಾತು ಬೆಳೆಯುವುದು ತೆಂಗಿನಕಾಯಿಗೆ. ಹಿತ್ತಲಿನ ಮರ ಒಡೆಯನದ್ದು, ಬಿದ್ದ ಕಾಯಿ ಯಾರದ್ದು? ಒಣ ಮಡಲು ಯಾರ ಒಲೆಗೆ? ಕಾಯಿ ತೆಗೆಸಲು ಆಳು ಬಂದ ದಿನ ಬಾಡಿಗೆಯವರು ಗೇಟು ತೆರೆಯದೆ ಮಾತಿಗೆ ಮಾತು ಬೆಳೆದದ್ದನ್ನು ಸಾಲಿಗ್ರಾಮದ ಬದಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮರಗಳನ್ನು ಎಣಿಸಿ ಬರೆಸು. ಬಿದ್ದದ್ದು ಅವರಿಗೆ, ಕೊಯ್ದದ್ದು ನಿನಗೆ ಎಂದರೆ ಮುಗಿಯಿತು. ಬಾವಿಯದ್ದೂ ಹಾಗೆಯೇ. ಏಪ್ರಿಲ್-ಮೇಯಲ್ಲಿ ತಳ ಕಂಡರೆ, ಹೊಳೆ ಬದಿಯಲ್ಲಿ ನೀರು ಉಪ್ಪಾದರೆ, ಟ್ಯಾಂಕರಿನ ದುಡ್ಡು ಯಾರು ಕೊಡುವುದು ಎಂದು ಮೊದಲೇ ಮಾತಾಗಲಿ.

ನಾಗಬನ ಕಾಂಪೌಂಡಿನ ಒಳಗೇ ಇದೆ, ಚಾವಡಿಯ ಬಡಗು ಕೋಣೆಯಲ್ಲಿ ದೈವದ ಮಂಚ ಇದೆ. ಆ ಕೋಣೆ ಬಾಡಿಗೆಗೆ ಸೇರಿಲ್ಲ, ಬೀಗದಕೈ ನಮ್ಮಲ್ಲೇ ಇರುತ್ತದೆ, ನಾಗರಪಂಚಮಿಗೂ ವರ್ಷದ ಪೂಜೆಗೂ ನಾವು ಬರುತ್ತೇವೆ ಎಂದು ಸ್ಪಷ್ಟವಾಗಿ ಬರೆಸು. ಬೇರೆ ಊರಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ಆ ಕೋಣೆಯಲ್ಲಿ ಸಿಲಿಂಡರ್ ಇಟ್ಟರು ಎಂದು ಆಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಯಾರಿಗೆ ಕೊಡುವುದು ಎಂಬುದರಲ್ಲಿ ನನ್ನ ಮಾತು ನಿನ್ನ ಅತ್ತೆಗೆ ಹಿಡಿಸುವುದಿಲ್ಲ. ‘ಯಾವ ಪೈಕಿ, ಮೀನು ತಿಂತಾರಾ’ ಎಂದು ಅವಳ ಮೊದಲ ಪ್ರಶ್ನೆ. ಬಂಗುಡೆಯ ವಾಸನೆ ಒಂದು ಗಂಟೆಯಲ್ಲಿ ಹೋಗುತ್ತದೆ, ಬಾಡಿಗೆ ಬಾಕಿ ಹೋಗುವುದಿಲ್ಲ. ನೀನು ಕೇಳಬೇಕಾದ್ದು ಬೇರೆ: ಎಲ್ಲಿ ಕೆಲಸ, ಎಷ್ಟು ಜನ ಇರುತ್ತಾರೆ, ಹಿಂದಿನ ಮನೆ ಏಕೆ ಬಿಟ್ಟರು. ಸಾಧ್ಯವಾದರೆ ಹಿಂದಿನ ಮನೆಯವರಿಗೇ ಒಂದು ಫೋನು. ಅದಕ್ಕೂ ಹಿಂದಿನವರದ್ದು ಇನ್ನೂ ಒಳ್ಳೆಯದು. ಈಗಿನವರು ಅವನನ್ನು ಸಾಗಹಾಕಲು ಒಳ್ಳೆಯದನ್ನೇ ಹೇಳಬಹುದು. ಕರಾರಿನ ಒಂದು ಪ್ರತಿ, ಆಧಾರ್ ಪ್ರತಿ ಪೊಲೀಸ್ ಠಾಣೆಯಲ್ಲಿ ಇರಲಿ. ಹೊರರಾಜ್ಯದ ಕೆಲಸದವರಿಗೆ ಕೊಟ್ಟವರು ಮಾತ್ರ ಹೀಗೆ ಮಾಡುತ್ತಾರೆ, ಅದೂ ಸರಿಯಲ್ಲ. ಎಲ್ಲರದ್ದೂ ಕೊಡು.

ಮೆಸ್ಕಾಂ ಮೀಟರಿನ ಫೋಟೋವನ್ನು ಒಳಗೆ ಬರುವ ದಿನವೇ ಇಬ್ಬರೂ ನಿಂತು ತೆಗೆಯಿರಿ. ಗೃಹಜ್ಯೋತಿಯಲ್ಲಿ ಬಾಡಿಗೆಯವರೂ ತಮ್ಮ ಆಧಾರನ್ನು ಮೀಟರಿನ ಆರ್‌ಆರ್ ನಂಬ್ರಕ್ಕೆ ಜೋಡಿಸಬಹುದು, 200 ಯೂನಿಟ್ಟಿನ ಒಳಗಿನ ಲಾಭ ಅವರಿಗೇ ಸಿಗಲಿ. ಬಿಟ್ಟುಹೋಗುವಾಗ ಆ ಜೋಡಣೆ ತೆಗೆಸಿಯೇ ಹೋಗಬೇಕು. ಇಲ್ಲದಿದ್ದರೆ ಮುಂದೆ ಬರುವವರು ನಿನಗೆ ದಿನಕ್ಕೆರಡು ಫೋನು ಮಾಡುತ್ತಾರೆ.

ಬಾಡಿಗೆ ಒಂದೇ ಖಾತೆಗೆ ಬರಲಿ. ಮನೆ ನಿನ್ನ ಮತ್ತು ದುಬೈಯ ತಮ್ಮನ ಹೆಸರಿನಲ್ಲಿ ಜಂಟಿ. ‘ತಮ್ಮನ ಕೈಯಲ್ಲಿ ಮಾತಾಡಿದ್ದೇನೆ’ ಎಂದು ನಿನಗೆ, ‘ಅಕ್ಕ ಆಗಬಹುದು ಎಂದಿದ್ದಾರೆ’ ಎಂದು ಅವನಿಗೆ ಹೇಳುವವರು ಇದ್ದಾರೆ. ತಮ್ಮ ನಿನಗೆ ಒಂದು ಮುಖ್ತಾರ್‌ನಾಮೆ ಮಾಡಿಕೊಡಲಿ. ತೆರಿಗೆಯ ವಿಷಯ ಅವನಿಗೆ ಹೇಳು: ಒಡೆಯ ಅನಿವಾಸಿಯಾದರೆ ಅವನ ಪಾಲಿನ ಬಾಡಿಗೆ ಸಣ್ಣದಿದ್ದರೂ ಬಾಡಿಗೆದಾರನೇ ತೆರಿಗೆ ಮುರಿದು ಕಟ್ಟಬೇಕೆಂದು ನಿಯಮ. ಇದನ್ನು ತಿಳಿದವರು ನಮ್ಮಲ್ಲಿ ಕಡಿಮೆ, ಪಾಲಿಸುವವರು ಇನ್ನೂ ಕಡಿಮೆ. ನಿನ್ನ ಪಾಲಿಗೆ ಮನೆತೆರಿಗೆ ಕಳೆದು ಉಳಿದದ್ದರಲ್ಲಿ ಶೇಕಡಾ 30 ರಿಪೇರಿಗೆಂದು ವಿನಾಯಿತಿ ಇದೆ, ರಶೀದಿ ಕೂಡ ಬೇಡ.

ಇಷ್ಟೆಲ್ಲ ಮಾಡಿಯೂ ಏಳದವನು ಸಿಕ್ಕಿದರೆ? ಸಿಟ್ಟಿನಲ್ಲಿ ಬೀಗ ಒಡೆಸುವುದು, ಕರೆಂಟು ತೆಗೆಸುವುದು, ಪಂಪಿನ ಫ್ಯೂಸು ಕಿತ್ತುಕೊಂಡು ಬರುವುದು ಬೇಡ. ಅಲ್ಲಿಯವರೆಗೆ ನಿನ್ನ ಕಡೆಗಿದ್ದ ನ್ಯಾಯ ಆ ಕ್ಷಣದಿಂದ ಅವನ ಕಡೆಗೆ. ಬಲವಂತದಿಂದ ಹೊರಹಾಕಿದರೆ ಆರು ತಿಂಗಳ ಒಳಗೆ ದಾವೆ ಹಾಕಿ ಅದೇ ಮನೆಗೆ ವಾಪಸು ಬರುವ ಹಕ್ಕು ಅವನಿಗಿದೆ. ಮನೆ ಯಾರದ್ದು ಎಂಬ ಪ್ರಶ್ನೆಯನ್ನು ಕೋರ್ಟು ಅಲ್ಲಿ ಕೇಳುವುದೂ ಇಲ್ಲ. ಪರಿಚಯದ ಪೊಲೀಸರಿಂದ ಹೆದರಿಸುವ ಯೋಚನೆಯೂ ಬೇಡ.

ಕುಂದಾಪುರದಲ್ಲಿ ಒಳ್ಳೆಯ ವಕೀಲರನ್ನು ಹಿಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಪಟ್ಟಿಯಲ್ಲಿರುವ ಊರುಗಳಿಗೆ, ಅದೂ ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ಉಳಿದದ್ದಕ್ಕೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಇಂದಿಗೂ ಗತಿ. ಅದರ 106ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ, ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟಿಸು. ಇಲ್ಲೊಂದು ಸೂಕ್ಷ್ಮ ಇದೆ. ನೋಟಿಸಿನ ಅವಧಿ ಮುಗಿದ ಮೇಲಿನ ಬಾಡಿಗೆಯನ್ನು ಬಾಡಿಗೆ ಎಂದೇ ತೆಗೆದುಕೊಂಡರೆ ನೋಟಿಸನ್ನು ನೀನೇ ಬಿಟ್ಟುಕೊಟ್ಟಂತೆ ಆಗಬಹುದು. ಹಿಂದೆ ಮನಿಯಾರ್ಡರ್ ಬಂದರೆ ವಾಪಸು ಕಳಿಸುತ್ತಿದ್ದೆವು. ಈಗ ಮೊಬೈಲಿನಲ್ಲಿ ನಿನ್ನನ್ನು ಕೇಳದೆಯೇ ದುಡ್ಡು ಬಂದು ಬೀಳುತ್ತದೆ. ಬಿದ್ದ ದಿನವೇ ವಕೀಲರಿಗೆ ತಿಳಿಸು.

ದಾವೆ ಕಡೆಯ ದಾರಿ. ವರ್ಷಗಟ್ಟಲೆ ಹೋಗುತ್ತದೆ, ನೀನು ಬೆಂಗಳೂರಿನಿಂದ ರಜೆ ಹಾಕಿ ವಾಯಿದೆಗೆ ಬರಬೇಕು. ಎರಡು-ಮೂರು ತಿಂಗಳ ಬಾಕಿ ಬಿಟ್ಟು, ಬೇಕಿದ್ದರೆ ಟೆಂಪೋದ ಬಾಡಿಗೆಯನ್ನೂ ಕೊಟ್ಟು ಬೀಗದಕೈ ವಾಪಸು ಪಡೆದವನನ್ನು ನಾಲ್ಕು ಜನ ಸೋತವ ಎನ್ನಬಹುದು. ನಾನಂತೂ ಅನ್ನುವುದಿಲ್ಲ. ಬಿಡುವ ದಿನವನ್ನು ಬರೆಸಿ ಸಹಿ ಹಾಕಿಸಿಕೊ. ಆಸಾಡಿಯಲ್ಲಿ ಮನೆ ಬದಲಿಸಲು ಹಿಂದೇಟು ಹಾಕುತ್ತಾರೆ, ಶಾಲೆ ನಡುವರ್ಷದಲ್ಲಿದ್ದರೆ ಮಕ್ಕಳ ಕಷ್ಟ ನಿಜವೇ. ಏಪ್ರಿಲ್ ಕೊನೆ, ಮೇ ಮೊದಲು ಎಲ್ಲರಿಗೂ ಅನುಕೂಲ.

ಒಳ್ಳೆಯವರು ಸಿಕ್ಕಿದರೆ ನಿನ್ನ ಕಡೆಯಿಂದಲೂ ಕೆಲಸ ಇದೆ. ಮಳೆಗಾಲದಲ್ಲಿ ಮಾಡು ಸೋರುತ್ತದೆ ಎಂದು ಫೋನು ಬಂದರೆ ‘ನೋಡುವಾ’ ಎಂದು ಮುಂದೂಡಬೇಡ. ಬಾಡಿಗೆ ತಡೆಹಿಡಿಯುವವರಲ್ಲಿ ಅರ್ಧ ಜನಕ್ಕೆ ಅಲ್ಲಿಂದಲೇ ನೆಪ ಸಿಗುತ್ತದೆ. ಗೋಡೆ ಕಪ್ಪಾಗಿದೆ ಎಂದು ಅಡ್ವಾನ್ಸಿನಲ್ಲಿ ಮುರಿಯಬೇಡ, ಈ ಊರಿನಲ್ಲಿ ಗೋಡೆ ಕಪ್ಪು ಮಾಡುವುದು ಬಾಡಿಗೆಯವರಲ್ಲ. ಲೆಕ್ಕ ಮಾಡಿ, ಕೈಗೆ ಬೀಗದಕೈ ಬಂದ ದಿನವೇ ಅಡ್ವಾನ್ಸು ವಾಪಸು ಕೊಡು.

ಮೇ ಮೊದಲ ವಾರ ನೀನು ಬರುವುದಿದ್ದರೆ ಮುಂಚೆಯೇ ತಿಳಿಸು. ಹಂಚು ಕೈಯಾಡಿಸುವವನು ಈಗೀಗ ಕರೆದ ದಿನ ಸಿಗುವುದಿಲ್ಲ, ಅವನಿಗೆ ನಾನು ಹೇಳಿ ಇಡುತ್ತೇನೆ.

ನಿನ್ನ ಮಾವ