ಮೊದಲು ಸಪಾಟು ಗೆರೆ, ಆಮೇಲೆ ನಕ್ಷತ್ರ

ಒಂದೇ ನಕ್ಷತ್ರದ ಬೆಳಕನ್ನು ಎರಡು ದೂರದರ್ಶಕಗಳಲ್ಲಿ ಹಿಡಿದು, ಪ್ರತಿ ಫೋಟಾನ್ ಬಂದ ಹೊತ್ತನ್ನು ಬರೆದಿಟ್ಟು, ಆಮೇಲೆ ಎರಡೂ ಪಟ್ಟಿಗಳನ್ನು ತಾಳೆ ನೋಡುವುದು: ತೀವ್ರತಾ ಇಂಟರ್‌ಫೆರೋಮೆಟ್ರಿ ಎಂದರೆ ಇಷ್ಟೇ. ಫೋಟಾನ್‌ಗಳು ಆಕಸ್ಮಿಕಕ್ಕಿಂತ ತುಸು ಹೆಚ್ಚೇ ಜೊತೆಜೊತೆಯಾಗಿ ಬರುತ್ತವೆ. ದೂರದರ್ಶಕಗಳನ್ನು ದೂರ ಸರಿಸಿದಂತೆ ಆ ಹೆಚ್ಚಳ ಹೇಗೆ ಇಳಿಯುತ್ತದೆ ಎಂಬುದರಿಂದ ನಕ್ಷತ್ರದ ಅಗಲ ತಿಳಿಯುತ್ತದೆ. ನೀಲಗಿರಿಯ ಅರುವಂಕಾಡಿನಲ್ಲಿ ಹುಟ್ಟಿದ ವಿಜ್ಞಾನಿ ಹ್ಯಾನ್‌ಬರಿ ಬ್ರೌನ್, ಸಹೋದ್ಯೋಗಿ ಟ್ವಿಸ್ ಜೊತೆಗೂಡಿ 1956ರಲ್ಲಿ ಲುಬ್ಧಕ ನಕ್ಷತ್ರವನ್ನು ಹೀಗೆ ಅಳೆದ ಫಲಿತಾಂಶ ಪ್ರಕಟಿಸಿದರು, ಅದೂ ಸರ್ಚ್‌ಲೈಟ್ ಕನ್ನಡಿಗಳಿಂದ. ಮುಂದೆ ಆಸ್ಟ್ರೇಲಿಯಾದ ನರಾಬ್ರಿಯಲ್ಲಿ 32 ನಕ್ಷತ್ರಗಳ ಅಳತೆ ಸಿಕ್ಕಿತು.

ನಾನು ಕಲಿತದ್ದು ಪ್ರಯೋಗಾಲಯದ ಮೇಜಿನ ಮೇಲೆ: ಪಾದರಸದ ದೀಪ, ಸೂಜಿರಂಧ್ರ, ಬೆಳಕನ್ನು ಇಬ್ಭಾಗಿಸುವ ಗಾಜು, ಒಂಟಿ ಫೋಟಾನ್ ಎಣಿಸುವ ಎರಡು ಡಿಟೆಕ್ಟರ್, ಎಲ್ಲದರ ಮೇಲೆ ಕಪ್ಪು ಬಟ್ಟೆ. ಜೊತೆಯಾಗಿ ಬಂದ ಫೋಟಾನ್‌ಗಳ ಎಣಿಕೆಯ ಗೆರೆಯಲ್ಲಿ, ಪರದೆಯ ನಡುವೆ, ಉಬ್ಬು ಕಂಡ ಕೂಡಲೇ ನಾವೆಲ್ಲ ಕುಣಿದೆವು. ಮಾರ್ಗದರ್ಶಕರು ಮಾತ್ರ, "ಏನೂ ಇಲ್ಲದಾಗ ಏನು ಕಾಣುತ್ತೆ, ಅದನ್ನು ಮೊದಲು ತೋರಿಸಿ" ಅಂದರು.

ದೀಪ ತೆಗೆದು, ಮಂದ ಮಾಡಿದ ಸಾಧಾರಣ ಬಲ್ಬ್ ಇಟ್ಟೆವು. ಗೆರೆ ಸಪಾಟಾಗಬೇಕಿತ್ತು. ನಡುವಿನ ಉಬ್ಬು ಹೋಯಿತು, ಆದರೆ ಅದರ ಎಡಬಲಕ್ಕೆ ಎರಡು ಚೂಪು ಉಬ್ಬುಗಳು ಹಾಗೇ ಉಳಿದವು. ಅವು ಡಿಟೆಕ್ಟರ್‌ಗಳದೇ ಕರಾಮತ್ತು. ಫೋಟಾನ್ ತಗುಲಿದಾಗ ಡಿಟೆಕ್ಟರ್ ತಾನೂ ಸಣ್ಣಗೆ ಮಿನುಗುತ್ತದೆ, ಆ ಮಿನುಗು ಗಾಜಿನಲ್ಲಿ ಪ್ರತಿಫಲಿಸಿ ಪಕ್ಕದ ಡಿಟೆಕ್ಟರ್ ಸೇರುತ್ತದೆ. ಬೆಳಕು ನ್ಯಾನೊಸೆಕೆಂಡಿಗೆ ಸಾಗುವುದು ಸುಮಾರು 30 ಸೆಂ.ಮೀ. ಡಿಟೆಕ್ಟರ್‌ಗಳ ನಡುವಿನ ದಾರಿಯನ್ನು ಅಳತೆಪಟ್ಟಿ ಹಿಡಿದು ಅಳೆದಾಗ ಉಬ್ಬುಗಳ ಜಾಗದ ಲೆಕ್ಕ ಸರಿಹೋಯಿತು.

ಇಷ್ಟು ಶಂಕೆ ಬೇಕೇ? ಬೇಕು. 500 ನ್ಯಾನೊಮೀಟರಿನ ಬಳಿ 1 ನ್ಯಾನೊಮೀಟರ್ ಅಗಲದ ಫಿಲ್ಟರ್ ಹಾಕಿದರೂ ಬೆಳಕಿನ ಆ ಜೊತೆಗಾರಿಕೆ ಬಾಳುವುದು ಒಂದು ಪಿಕೊಸೆಕೆಂಡಿಗಿಂತ ಕಡಿಮೆ. ಹೊತ್ತು ಗುರುತಿಸುವಲ್ಲಿ ಡಿಟೆಕ್ಟರಿನ ಮಸುಕೇ ಹತ್ತಾರು ಪಿಕೊಸೆಕೆಂಡ್. ಹಾಗಾಗಿ ನಿಜವಾದ ಹೆಚ್ಚಳ ನೂರಕ್ಕೆ ಕೆಲವೇ ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ.

ಇನ್ನೊಂದು ಪಾಠ ಬೆಳಕಿನ ಉಳಿತಾಯದ್ದು. ಎಣಿಕೆಯ ದರ ಇಮ್ಮಡಿಯಾದರೆ ಸಂಕೇತದ ಸ್ಪಷ್ಟತೆಯೂ ಇಮ್ಮಡಿ. ಕಾಲದಿಂದಲೇ ಅದನ್ನು ಗಳಿಸಬೇಕೆಂದರೆ ನಾಲ್ಕು ಪಟ್ಟು ಕಾಯಬೇಕು. ವೆರಿಟಾಸ್, ಮ್ಯಾಜಿಕ್‌ನಂಥ ಗಾಮಾ ಕಿರಣ ದೂರದರ್ಶಕಗಳು ಈ ಕೆಲಸಕ್ಕೆ ಒದಗಿದ್ದು ಅವುಗಳ ದೊಡ್ಡ ಕನ್ನಡಿಗಳಿಂದಲೇ.

ಈ ದಾರಿಗೆ ಬರುವ ವಿದ್ಯಾರ್ಥಿಗಳೇ, ಕನ್ನಡಿ ಚೊಕ್ಕವಾಗಿಡಿ. ಸಪಾಟು ಗೆರೆ ಸಿಗುವವರೆಗೆ ಯಾವ ಉಬ್ಬನ್ನೂ ನಂಬಬೇಡಿ.