ಬಿಲ್ಬಾವೊ: ಮೊದಲು ಕ್ರೇನ್, ಆಮೇಲೆ ಟೈಟಾನಿಯಂ

ಸ್ಪೇನ್ ದೇಶದ ಉತ್ತರಕ್ಕೆ, ಬಾಸ್ಕ್ ಜನರ ನಾಡಿನಲ್ಲಿ ಬಿಲ್ಬಾವೊ ಇದೆ. 1300ರಲ್ಲಿ ಪಟ್ಟಣವಾದ ಹಳೇ ಊರು. ಆರ್ಕಿಟೆಕ್ಚರ್ ಓದುವ ಗೆಳೆಯರನ್ನು ಕೇಳಿದರೆ ತಕ್ಷಣ ಗುಗೆನ್‌ಹೈಮ್ ಮ್ಯೂಸಿಯಂ ಫೋಟೊ ತೋರಿಸ್ತಾರೆ. ತುಂಬಾ ಪ್ರವಾಸಿಗರೂ ಅಷ್ಟೇ, ಅದರ ಮುಂದಿರುವ ಹೂವಿನ ನಾಯಿಮರಿ ಜೊತೆ ಸೆಲ್ಫಿ ತಗೊಂಡು ಹೊರಟುಬಿಡ್ತಾರೆ. ನಮ್ಮ ಕ್ಲಬ್ಬಿನಲ್ಲಿ ಯಾರೂ ಇನ್ನೂ ಅಲ್ಲಿಗೆ ಹೋಗಿಲ್ಲ. ಆದರೆ ಮ್ಯಾಪ್ ಮುಂದಿಟ್ಟುಕೊಂಡು ಓದಿದ ಮೇಲೆ ನಮಗನಿಸಿದ್ದು ಇದು: ಎಂಜಿನಿಯರಿಂಗ್ ಓದುವವರು ಗುಗೆನ್‌ಹೈಮನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಶುರು ಮಾಡಬೇಕಾದದ್ದು ಅದೇ ನದಿಯ ದಂಡೆಯಲ್ಲಿ, ಸ್ವಲ್ಪ ಕೆಳಗಿರುವ ಇತ್ಸಾಸ್ ಮ್ಯೂಸಿಯಂನಿಂದ. ಬಾಸ್ಕ್ ಭಾಷೆಯಲ್ಲಿ ಇತ್ಸಾಸೊ ಅಂದ್ರೆ ಸಮುದ್ರ. 2003ರಲ್ಲಿ ತೆರೆದ ಈ ಕಡಲ ಮ್ಯೂಸಿಯಂ ಇರೋದು ಹಳೇ ಶಿಪ್‌ಯಾರ್ಡಿನ ಡ್ರೈ ಡಾಕ್‌ಗಳ ಜಾಗದಲ್ಲಿ. ಡ್ರೈ ಡಾಕ್ ಅಂದ್ರೆ ನದಿಗೆ ಬಾಯಿ ಇರುವ ಕಲ್ಲಿನ ದೊಡ್ಡ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ಗೇಟ್ ಮುಚ್ಚಿ ನೀರನ್ನು ಪಂಪ್ ಮಾಡಿ ತೆಗೀತಾರೆ. ಹಡಗು ಒಣನೆಲದ ಮೇಲೆ ಕೂರುತ್ತೆ, ವೆಲ್ಡರ್‌ಗಳು ಅದರ ಹೊಟ್ಟೆಯ ಕೆಳಗೆ ಕೆಲಸ ಮಾಡಬಹುದು. ಪಕ್ಕದಲ್ಲೇ ಕೆಂಪು ಬಣ್ಣದ ಕ್ರೇನ್ ನಿಂತಿದೆ, ಹೆಸರು ಕರೋಲಾ.

ಆ ಶಿಪ್‌ಯಾರ್ಡಿನ ಹೆಸರು ಎವ್ಸ್ಕಾಲ್ದುನಾ. ಈ ಪದ ನಮಗೆ ತುಂಬಾ ಇಷ್ಟವಾಯ್ತು. ಬಾಸ್ಕ್ ಭಾಷೆಗೆ ಎವ್ಸ್ಕಾರಾ ಅನ್ನುತ್ತಾರೆ. ಎವ್ಸ್ಕಾಲ್ದುನ್ ಅಂದ್ರೆ ಆ ಭಾಷೆಯನ್ನು ಉಳ್ಳವನು. ಅಂದರೆ ‘ಬಾಸ್ಕ್ ಮನುಷ್ಯ’ ಅನ್ನೋ ಪದದ ಒಳಗೇ ಅವರ ಭಾಷೆ ಕೂತಿದೆ. (ಕನ್ನಡಿಗರು ಅನ್ನೋ ಪದದಲ್ಲೂ ಹಾಗೇ ಅಲ್ವಾ?) ಅಂಥ ಹೆಸರಿನ ಯಾರ್ಡ್ 1980ರ ದಶಕದಲ್ಲಿ ಮುಚ್ಚಿತು. 1984ರಲ್ಲಿ ಕೆಲಸಗಾರರು ಬೀದಿಗಿಳಿದು ದೊಡ್ಡ ಹೋರಾಟ ಮಾಡಿದರು, ಆದರೂ ಯಾರ್ಡ್ ಉಳಿಯಲಿಲ್ಲ. ಅದರ ಹಿಂದಿನ ವರ್ಷವೇ ಆಗಸ್ಟ್‌ನಲ್ಲಿ ಭಾರಿ ಪ್ರವಾಹ ಊರಿನ ಹಳೇ ಪೇಟೆಯನ್ನು ಮುಳುಗಿಸಿತ್ತು.

ಅಲ್ಲಿಂದ ಗುಗೆನ್‌ಹೈಮ್ ಕಡೆಗೆ ನಡೆಯುವಾಗ ಪಾರ್ಕಿನ ಪಕ್ಕ ಲಲಿತಕಲಾ ಮ್ಯೂಸಿಯಂ ಸಿಗುತ್ತೆ, 1908ರಲ್ಲಿ ಸ್ಥಾಪನೆಯಾದದ್ದು. ಟೈಮ್ ಕಡಿಮೆ ಇದ್ದರೆ ಅಲ್ಲಿ ಔರೇಲಿಯೊ ಆರ್ತೆತಾ ಚಿತ್ರಗಳನ್ನಾದರೂ ಹುಡುಕಿ. ಕಾರ್ಖಾನೆಗಳ ಬಿಲ್ಬಾವೊ, ಅಲ್ಲಿ ದುಡಿಯುವ ಜನ ಇವರ ಕ್ಯಾನ್ವಾಸಿನಲ್ಲಿದ್ದಾರೆ.

ಈಗ ಗುಗೆನ್‌ಹೈಮ್. ಫ್ರಾಂಕ್ ಗೆಹ್ರಿ ವಿನ್ಯಾಸ, 1997ರಲ್ಲಿ ಉದ್ಘಾಟನೆ. ಮೈಮೇಲೆ ಸುಮಾರು 33,000 ಟೈಟಾನಿಯಂ ಹಾಳೆಗಳು. ಒಂದೊಂದರ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೇ. ಇದರ ವಕ್ರ ಮೇಲ್ಮೈಗಳನ್ನು ಲೆಕ್ಕ ಹಾಕಿದ್ದು ಕೇಟಿಯಾದಲ್ಲಿ, ವಿಮಾನ ತಯಾರಿಸೋಕೆ ಅಂತ ಫ್ರಾನ್ಸಿನ ಡಸಾಲ್ಟ್ ಕಂಪನಿ ಮಾಡಿದ ಸಾಫ್ಟ್‌ವೇರ್. ಕ್ಯಾಡ್ ಲ್ಯಾಬ್ ಬೋರು ಅನ್ನುವವರಿಗೆ ಈ ಮಾತು ಹೇಳಿ ನೋಡಿ. ಈ ಕಟ್ಟಡ ಊರಿನ ಅದೃಷ್ಟ ಬದಲಿಸಿತು ಅಂತ ಎಲ್ಲರೂ ಬರೀತಾರೆ. ಸುಳ್ಳಲ್ಲ. ಆದರೆ ಟಿಕೆಟ್ ಕೌಂಟರಿನ ಲೆಕ್ಕದಲ್ಲಿ ಆ ವೆಲ್ಡರ್‌ಗಳು ಎಲ್ಲೂ ಕಾಣಲ್ಲ. ಅದಕ್ಕೇ ಕರೋಲಾಳನ್ನು ಮೊದಲು ನೋಡಿ ಅಂದದ್ದು.

ಒಳಗೆ ಹೋದ ಮೇಲೆ ಹೆಚ್ಚು ಹೊತ್ತು ಕೊಡಬೇಕಾದದ್ದು ರಿಚರ್ಡ್ ಸೆರ್ರಾ ಮಾಡಿದ ‘ದ ಮ್ಯಾಟರ್ ಆಫ್ ಟೈಮ್’ಗೆ. ಎಂಟು ಉಕ್ಕಿನ ಶಿಲ್ಪಗಳು, ಒಟ್ಟು ತೂಕ ಸಾವಿರ ಟನ್‌ಗೂ ಹೆಚ್ಚು. ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸಿನ ಎಲಿಪ್ಸ್ ನೆನಪಿದೆಯಾ? ನೆಲದ ಮೇಲೆ ಒಂದು ಎಲಿಪ್ಸ್ ಬರೆಯಿರಿ. ನಾಲ್ಕು ಮೀಟರ್ ಎತ್ತರದಲ್ಲಿ ಅದೇ ಅಳತೆಯ ಇನ್ನೊಂದು, ಆದರೆ ಸ್ವಲ್ಪ ತಿರುಗಿಸಿ. ಎರಡನ್ನೂ ಸೇರಿಸುವ ಗೋಡೆ ಕೆಲವು ಕಡೆ ನಿಮ್ಮ ಮೇಲೆ ವಾಲುತ್ತೆ, ಕೆಲವು ಕಡೆ ದೂರ ಸರಿಯುತ್ತೆ. ಅದು ಸಿಲಿಂಡರೂ ಅಲ್ಲ, ಕೋನೂ ಅಲ್ಲ. ಇಲ್ಲಿರುವ ಒಂದು ಶಿಲ್ಪದ ಮೂಲ ಐಡಿಯಾ ಇದೇ, ಉಳಿದ ಹಲವು ಅದರಿಂದ ಬೆಳೆದವು. ಉಕ್ಕಿಗೆ ಪೇಂಟ್ ಇಲ್ಲ. ಮೇಲಿನ ತುಕ್ಕಿನ ಪದರವೇ ಒಳಗಿನ ಲೋಹವನ್ನು ಕಾಯುತ್ತೆ. ಸೆರ್ರಾ ಓದುವಾಗ ಸ್ಟೀಲ್ ಮಿಲ್‌ನಲ್ಲಿ ದುಡಿದವರು, ಅವರ ತಂದೆ ಶಿಪ್‌ಯಾರ್ಡಿನಲ್ಲಿ ಪೈಪ್ ಫಿಟ್ಟರ್. ಹಡಗಿನ ತಟ್ಟೆಗಳ ಹಾಗೇ ಬಗ್ಗಿಸಿದ ಈ ಉಕ್ಕು, ಹಡಗು ಕಟ್ಟೋದು ನಿಂತ ಊರಿಗೆ ಬಂದು ನಿಂತಿದೆ.

ಆ ಹಾಲನ್ನು ಮೇಲಿನಿಂದ ನೋಡೋಕೆ ಒಂದು ಬಾಲ್ಕನಿಯೂ ಇದೆ. ಅಲ್ಲಿಂದ ಇಡೀ ಪ್ಲಾನ್ ವ್ಯೂ ಸಿಕ್ಕಿಬಿಡುತ್ತೆ, ಹಾಗಾಗಿ ಮೊದಲು ಕೆಳಗೆ ಗೋಡೆಗಳ ನಡುವೆ ನಡೆದು, ದಾರಿ ತಪ್ಪಿದ ಹಾಗೆ ಅನಿಸಿದ ಮೇಲೆ ಮೆಟ್ಟಿಲು ಹತ್ತಿ.