ಲಾರಿ ದಾಟಿತು, ಕಾಗದ ದಾಟಲಿಲ್ಲ

ಜರ್ಮನಿಯ ನೈಋತ್ಯ ಮೂಲೆಯಲ್ಲಿರುವ ನಮ್ಮ ಗೋದಾಮಿನಿಂದ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಕಾರಿನಲ್ಲಿ ಕಾಲು ಗಂಟೆ. ಆ ಕಡೆಗೆ ಹೋಗುವ ಮನುಷ್ಯರನ್ನು ತಡೆದು ಕೇಳುವುದು ಅಪರೂಪ. ಸರಕನ್ನು ಮಾತ್ರ ಕೇಳದೆ ಬಿಡುವುದಿಲ್ಲ. ಸ್ವಿಟ್ಜರ್‌ಲೆಂಡ್ ಷೆಂಗೆನ್ ವಲಯದಲ್ಲಿದೆ, ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಅದರ ಸುಂಕದ ವಲಯದಲ್ಲೂ ಇಲ್ಲ. ಪಂಪು, ವಾಲ್ವು, ಬೇರಿಂಗು ಮಾರುವ ಸಣ್ಣ ಕಂಪನಿಯಲ್ಲಿ ರಫ್ತಿನ ಕಾಗದ ನೋಡಿಕೊಂಡು ಹನ್ನೆರಡು ವರ್ಷವಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯ ಅರ್ಥ ನನಗೆ ಪೂರ್ತಿ ಆದದ್ದು ಇಲ್ಲಿ.

1. ಗಡಿ ಒಂದೇ, ಸುಂಕದ ಕಟ್ಟೆ ಎರಡು. ಜರ್ಮನಿಯಿಂದ ಹೊರಡುವುದಕ್ಕೆ ರಫ್ತು ಘೋಷಣೆ, ಸ್ವಿಟ್ಜರ್‌ಲೆಂಡಿಗೆ ಒಳಹೋಗುವುದಕ್ಕೆ ಆಮದು ಘೋಷಣೆ. ಎರಡನೆಯದನ್ನು ಯಾರು ಮಾಡಿಸುತ್ತಾರೆ, ಅಲ್ಲಿನ ಶೇಕಡಾ 8.1 ವ್ಯಾಟ್ ಯಾರು ಕಟ್ಟುತ್ತಾರೆ ಎಂಬುದನ್ನು ಆರ್ಡರ್ ಒಪ್ಪಿಕೊಳ್ಳುವಾಗಲೇ ಬರೆಸಿಕೊಳ್ಳಿ. "ಮನೆ ಬಾಗಿಲಿಗೆ, ಎಲ್ಲ ಸೇರಿ" ಎಂದು ನಮ್ಮ ಮಾರಾಟದ ಹುಡುಗರು ಧಾರಾಳವಾಗಿ ಮಾತು ಕೊಟ್ಟು ಬರುತ್ತಾರೆ. ಅದರ ಬಿಲ್ಲು ನನ್ನ ಮೇಜಿಗೆ ಬರುತ್ತದೆ.

2. ಮೊತ್ತ ನೋಡಿ ದಾರಿ ಹಿಡಿಯಿರಿ. 1000 ಯೂರೋ ಮತ್ತು 1000 ಕಿಲೋ ಮೀರದ ಸರಕನ್ನು ಗಡಿಯಲ್ಲಿ ಬಾಯಿಮಾತಿನಲ್ಲೇ ಘೋಷಿಸಬಹುದು. 3000 ಯೂರೋವರೆಗಿನ ಘೋಷಣೆಯನ್ನು ನೇರವಾಗಿ ಗಡಿಯ ಕಚೇರಿಗೇ ಕಳಿಸಬಹುದು. ಅದಕ್ಕಿಂತ ಹೆಚ್ಚಾದರೆ ಎರಡು ಹಂತ: ಮೊದಲು ಅಟ್ಲಾಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಊರಿನ ಸುಂಕ ಕಚೇರಿಯ ಒಪ್ಪಿಗೆ, ಆಮೇಲೆ ಗಡಿ. ಸರಕನ್ನು ನಿಮ್ಮ ಅಂಗಳದಲ್ಲೇ ಪ್ಯಾಕ್ ಮಾಡಿ ಲಾರಿಗೆ ಏರಿಸಬೇಕೆಂದರೆ ಹಿಂದಿನ ದಿನ ಕಚೇರಿ ಮುಚ್ಚುವ ಎರಡು ಗಂಟೆ ಮೊದಲೇ ಅರ್ಜಿ ಹೋಗಿರಬೇಕು. ಬೆಳಿಗ್ಗೆ ಲಾರಿ ನಿಲ್ಲಿಸಿಕೊಂಡು ಫೋನ್ ಮಾಡಿದರೆ ನಯವಾದ ಜರ್ಮನ್ ಭಾಷೆಯಲ್ಲಿ ಇಲ್ಲ ಎನ್ನುತ್ತಾರೆ.

3. ಬೆಲೆ ಸೊನ್ನೆ ಎಂದು ಬರೆಯಬೇಡಿ. ಸ್ಯಾಂಪಲ್ಲು, ಗ್ಯಾರಂಟಿಯಲ್ಲಿ ಬದಲಿಸಿಕೊಟ್ಟ ಬಿಡಿಭಾಗ, ಯಾವುದೇ ಇರಲಿ, ಗಿರಾಕಿಗೆ ಉಚಿತವಾದರೂ ಸುಂಕದವರಿಗೆ ಅದಕ್ಕೊಂದು ಬೆಲೆ ಬೇಕು.

4. ಸರಕು ಎಲ್ಲಿಂದ ಹೊರಟಿತು ಎಂಬುದು ಬೇರೆ, ಎಲ್ಲಿ ಹುಟ್ಟಿತು ಎಂಬುದು ಬೇರೆ. ನನ್ನ ದೊಡ್ಡ ತಪ್ಪು ಇದೇ. ಒಕ್ಕೂಟಕ್ಕೂ ಸ್ವಿಟ್ಜರ್‌ಲೆಂಡಿಗೂ 1972ರ ಮುಕ್ತ ವ್ಯಾಪಾರ ಒಪ್ಪಂದವಿದೆ. ಒಪ್ಪಂದದ ನಿಯಮದಂತೆ ಐರೋಪ್ಯ ಮೂಲದ ಸರಕು ಎಂದು ತೋರಿಸಿದರೆ ಸುಂಕದ ರಿಯಾಯಿತಿ. 6000 ಯೂರೋವರೆಗಿನ ಸರಕಿಗೆ ಆ ಹೇಳಿಕೆಯನ್ನು ಇನ್‌ವಾಯ್ಸ್‌ನಲ್ಲಿ ಯಾವ ರಫ್ತುದಾರನಾದರೂ ತಾನೇ ಬರೆಯಬಹುದು. ಅದಕ್ಕೆ ಮೀರಿದರೆ ಸುಂಕ ಕಚೇರಿಯ ಮುದ್ರೆ ಬಿದ್ದ ಪ್ರಮಾಣಪತ್ರ ಬೇಕು, ಇಲ್ಲವೇ ಅಧಿಕೃತ ರಫ್ತುದಾರನೆಂಬ ಅನುಮತಿ ಬೇಕು. ಬರೆಯುವುದು ಇಷ್ಟು ಸುಲಭ ಎಂದೇ ನಾನು ಆ ಸಾಲನ್ನು ಎಲ್ಲ ಇನ್‌ವಾಯ್ಸ್‌ಗೂ ಅಂಟಿಸುತ್ತಿದ್ದೆ. ಒಂದರಲ್ಲಿ ಹತ್ತು ಬಗೆಯ ಸರಕಿತ್ತು, ಎರಡು ಚೀನಾದ ಬೇರಿಂಗು. ನಮ್ಮ ಗೋದಾಮಿನಲ್ಲಿ ಎಂಟು ತಿಂಗಳು ಮಲಗಿದ ಮಾತ್ರಕ್ಕೆ ಅವು ಜರ್ಮನ್ ಆಗುತ್ತವೆಯೇ? ಸ್ವಿಸ್ ಕಡೆಯಿಂದ ತನಿಖೆಯ ಕೋರಿಕೆ ಬಂತು, ನಮ್ಮ ಕಚೇರಿಗೆ ಜರ್ಮನ್ ಅಧಿಕಾರಿ ಬಂದರು, ತಯಾರಕರ ಪತ್ರ ಕೇಳಿದರು. ನಮ್ಮಲ್ಲಿರಲಿಲ್ಲ. ಗಿರಾಕಿ ಉಳಿಸಿದ್ದ ಸುಂಕ ಕಟ್ಟಿದ, ನಾವು ಕ್ಷಮೆ ಕೇಳಿದೆವು. 2024ರ ಜನವರಿ 1ರಿಂದ ಸ್ವಿಟ್ಜರ್‌ಲೆಂಡ್ ಕೈಗಾರಿಕಾ ಸರಕಿನ ಸುಂಕವನ್ನೇ ತೆಗೆದುಹಾಕಿದೆ. ಹಾಗಾಗಿ ಈಗ ಗಿರಾಕಿ ಕೇಳಿದರೆ ಮಾತ್ರ ಆ ಸಾಲು ಬರೆಯುತ್ತೇನೆ, ಅದೂ ಪತ್ರ ಕೈಯಲ್ಲಿರುವ ಸರಕಿಗಷ್ಟೇ.

5. ಗಿರಾಕಿಗೆ ಸರಕು ಮುಟ್ಟಿತು ಎಂದು ಫೈಲು ಮುಚ್ಚಬೇಡಿ. ಒಂದು ಶುಕ್ರವಾರ ಸಂಜೆ ಡ್ರೈವರ್ ಮನೆಗೆ ಹೋಗುವ ಆತುರದಲ್ಲಿ ಜರ್ಮನ್ ಕಿಟಕಿಯಲ್ಲಿ ಕಾಗದ ತೋರಿಸದೆ ನೇರ ಸ್ವಿಸ್ ಕಿಟಕಿಗೆ ಹೋದ. ಸರಕು ಮುಟ್ಟಿತು, ಹಣವೂ ಬಂತು. ಆದರೆ ಹದಿನೆಂಟು ಅಕ್ಷರಗಳ ಘೋಷಣೆ ಸಂಖ್ಯೆ ಕಂಪ್ಯೂಟರಿನಲ್ಲಿ ತೆರೆದೇ ಉಳಿಯಿತು. ಲೆಕ್ಕಕ್ಕೆ ನಮ್ಮ ಪಂಪುಗಳು ಇನ್ನೂ ಜರ್ಮನಿಯಲ್ಲೇ ಇದ್ದವು. ಸರಕು ದೇಶ ಬಿಟ್ಟಿತೆಂಬ ದಾಖಲೆಗೆ ಜರ್ಮನರು ಔಸ್‌ಗಾಂಗ್ಸ್‌ಫೆರ್ಮೆರ್ಕ್ ಎನ್ನುತ್ತಾರೆ. ಹೆಸರು ಹೇಳುವುದೇ ಅರ್ಧ ಕೆಲಸ. ವ್ಯಾಟ್ ಹಾಕದೆ ಮಾರಿದ್ದಕ್ಕೆ ಅದೇ ಪುರಾವೆ. ಅದಿಲ್ಲದಿದ್ದರೆ ಶೇಕಡಾ 19 ನಮ್ಮ ತಲೆಗೆ. 150 ದಿನವಾದರೂ ಪುರಾವೆ ಸಿಗದಿದ್ದರೆ ಘೋಷಣೆಯನ್ನೇ ಸುಂಕದವರು ರದ್ದು ಮಾಡಬಹುದು. ಗಿರಾಕಿಯ ಸಹಿ ಇದ್ದ ರಸೀದಿ, ಸ್ವಿಸ್ ಆಮದು ಪತ್ರ, ಬ್ಯಾಂಕ್ ದಾಖಲೆ ಎಲ್ಲ ಜೋಡಿಸಿ ಪಾರಾದೆವು. ಅಂದಿನಿಂದ ಪ್ರತಿ ಸೋಮವಾರ ಕಾಫಿಗೂ ಮುಂಚೆ ತೆರೆದಿರುವ ಸಂಖ್ಯೆಗಳ ಪಟ್ಟಿ ನೋಡುತ್ತೇನೆ.

6. "ಹೇಗೂ ಬರ್ತೀಯಲ್ಲ, ಕಾರಲ್ಲಿ ಹಾಕ್ಕೊಂಡು ಬಾ" ಎನ್ನುವವರಿಗೆ ಸೋಲಬೇಡಿ. ಬಾಸೆಲ್‌ನ ಕನ್ನಡಿಗ ಗೆಳೆಯರೂ ಹೇಳಿದ್ದುಂಟು. ತಲೆಗೆ 150 ಫ್ರಾಂಕ್‌ವರೆಗಿನ ವ್ಯಾಟ್ ವಿನಾಯಿತಿ ಸ್ವಂತ ಬಳಕೆಗೆ ಅಥವಾ ಉಡುಗೊರೆಗೆ ಮಾತ್ರ. ವ್ಯಾಪಾರದ ಸರಕಿಗೆ ಅದಿಲ್ಲ.

7. ನಕ್ಷೆಯನ್ನು ನಂಬಬೇಡಿ. ಹೊಸಬರಿಗೆ ನಾನು ಮೊದಲ ದಿನ ಕೇಳುವ ಪ್ರಶ್ನೆ: ಬ್ಯೂಸಿಂಗೆನ್‌ಗೆ ಒಂದು ಪಂಪು ಕಳಿಸಬೇಕು, ಏನು ಮಾಡುತ್ತೀರಿ? ಸುತ್ತಲೂ ಸ್ವಿಟ್ಜರ್‌ಲೆಂಡ್ ಇರುವ ಈ ಹಳ್ಳಿ ಜರ್ಮನಿಗೆ ಸೇರಿದ್ದು. ಜರ್ಮನ್ ಪಿನ್‌ಕೋಡ್ 78266, ಸ್ವಿಸ್ ಪಿನ್‌ಕೋಡ್ 8238, ಎರಡೂ ಇವೆ. ಸುಂಕದ ಲೆಕ್ಕದಲ್ಲಿ ಅದು ಸ್ವಿಸ್ ವಲಯ. ಜರ್ಮನಿಯಿಂದ ಜರ್ಮನಿಗೇ ಹೋಗುವ ಆ ಪಂಪಿಗೂ ರಫ್ತು ಘೋಷಣೆ ಬೇಕು.